ದಕ್ಷಿಣದ ಗೇಟು ಮುಚ್ಚಿದ ವರ್ಷ

ನಮ್ಮವ್ವ ದಮ್ಮಿನಿಂದ ಸತ್ತಳು ಅಂತ ಎಲ್ಲರೂ ಅನ್ನುತ್ತಾರೆ. ನಾನೂ ಹಾಗೇ ಹೇಳಿ ಮಾತು ಮುಗಿಸುತ್ತೇನೆ. ಈ ಪರದೇಶದ ಮಿಸಿಸಾಗ ಪಟ್ಟಣದಲ್ಲಿ ನಮ್ಮ ಮಂದಿ ಕೂಡಿದ ಕಡೆ ಯಾರಾದರೂ 'ಅವ್ವಾರು ಹೆಂಗ ತೀರಿಕೊಂಡ್ರು' ಅಂತ ಕೇಳಿದರೆ, ಊಟದ ತಾಟು ಹಿಡಕೊಂಡು ನಿಂತವರಿಗೆ ಗೇಟು, ಟೌನ್‌ಶಿಪ್ಪು, ನಂಬರಿನ ಹಲಗೆ ಅಂತ ಎಲ್ಲಿಂದ ಶುರು ಮಾಡಿ ಹೇಳಲಿ? ಆದರೆ ಆ ಮನೆಯ ಬಗ್ಗೆ ಬರೆಯಲಿಕ್ಕೆ ಕೂತ ಮೇಲೆ ಅರ್ಧ ಹೇಳಿ ಅರ್ಧ ನುಂಗಿ ಏನು ಪ್ರಯೋಜನ. ದಮ್ಮು ಇತ್ತು, ಖರೆ. ಆದರೆ ಆಂಬುಲೆನ್ಸು ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದಿದ್ದರೆ ಅವ್ವ ಉಳಿಯುತ್ತಿದ್ದಳು. ಅದು ಯಾಕೆ ಬರಲಿಲ್ಲ, ಅದಕ್ಕೆ ಯಾರು ಹೊಣೆ ಅನ್ನುವ ಮಾತು ಒಂದು ಚಳಿಗಾಲವಿಡೀ ನಮ್ಮ ಮನೆಯನ್ನು ಕಿತ್ತು ತಿಂದಿತು. ನಾನು ಎಂಥವಳಾಗಿ ಬೆಳೆದೆನೋ, ಈ ಸಿಟ್ಟು, ಈ ಕಡ್ಡಿ ಮುರಿದಂಥ ಮಾತು, ಎಲ್ಲ ಆ ಚಳಿಗಾಲದ್ದೇ.

ಜಾರ್ಜ್‌ಟೌನ್ ದಾಟಿ ಇನ್ನೂ ಒಳಗೆ ಹೋದರೆ ಹೊಸ ಲೇಔಟುಗಳು ಹಿಂದೆ ಬಿದ್ದು ಗೋವಿನಜೋಳ, ಸೋಯಾ, ಹುಲ್ಲಿನ ಹೊಲಗಳು ಶುರುವಾಗುತ್ತವೆ. ರಸ್ತೆಗಳನ್ನೆಲ್ಲ ಹಿಂದೆ ಯಾವನೋ ಕಾಗದದ ಮೇಲೆ ಪಟ್ಟಿ ಇಟ್ಟು ಗೆರೆ ಹೊಡೆದು ಹಾಕಿದ್ದಾನೆ. ಉದ್ದಕ್ಕೆ ಹೋಗುವುದು ಲೈನು, ಅಡ್ಡ ಹೋಗುವುದು ಸೈಡ್‌ರೋಡು. ಗುಡ್ಡ ಬರಲಿ, ಹಳ್ಳ ಬರಲಿ, ರಸ್ತೆ ಮಾತ್ರ ಸೊಟ್ಟಗಾಗುವುದಿಲ್ಲ. ನಮ್ಮ ಮನೆ ಒಂದು ಲೈನೂ ಒಂದು ಸೈಡ್‌ರೋಡೂ ಕೂಡುವ ಮೂಲೆಯಲ್ಲಿತ್ತು. ಯಾರೋ ರೈತರು ಹೊಲದಿಂದ ಬೇರೆ ಮಾಡಿ ಮಾರಿದ್ದ ಹಳೆಯ ಇಟ್ಟಂಗಿ ಮನೆ. ಮುಂಬಾಗಿಲೂ ಗೇಟೂ ಸೈಡ್‌ರೋಡಿಗೆ, ಅಂದರೆ ದಕ್ಷಿಣಕ್ಕೆ. ಅಡಿಗೆಮನೆಯ ಬಾಗಿಲು ಲೈನಿನ ಕಡೆ, ಅಂದರೆ ಮೂಡಲಕ್ಕೆ. ಸುತ್ತ ಗಾಳಿ ತಡೆಯಲಿಕ್ಕೆ ಸ್ಪ್ರೂಸ್ ಗಿಡಗಳನ್ನು ಎಷ್ಟು ಒತ್ತಾಗಿ ಹಚ್ಚಿದ್ದರೆಂದರೆ ರಸ್ತೆಯಿಂದ ಮನೆಯ ಚಿಮಣಿ ಸಹ ಕಾಣುತ್ತಿರಲಿಲ್ಲ. ಅಪ್ಪ ಹುಬ್ಬಳ್ಳಿಯಲ್ಲಿ ಲೇತ್ ಮಷೀನಿನ ಕೆಲಸ ಮಾಡಿದವನು, ಇಲ್ಲಿ ವುಡ್‌ಬ್ರಿಡ್ಜಿನ ಒಂದು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುತ್ತಿದ್ದ. ಉಳಿದವರೆಲ್ಲ ಬ್ರಾಂಪ್ಟನ್ನಿನ ಬೇಸ್‌ಮೆಂಟುಗಳಲ್ಲಿದ್ದಾಗ ಇವನಿಗೆ ಹಿತ್ತಲಿರುವ ಮನೆ ಬೇಕಾಗಿತ್ತು. ಮೆಂತ್ಯೆ, ಪುಂಡಿಪಲ್ಲೆ ಬೆಳೆಯುತ್ತೇನೆ ಅಂದ. ಮೆಂತ್ಯೆ ಬಂತು, ಪುಂಡಿ ಬರಲಿಲ್ಲ.

ಸರ್ಕಾರ ಅಂದರೆ ಅಲ್ಲಿ ಟೌನ್‌ಶಿಪ್ಪು, ನಮ್ಮ ಕಡೆಯ ಪಂಚಾಯ್ತಿ ಇದ್ದ ಹಾಗೆ: ಹಿಮದ ಮೇಲೆ ಜಾರಿ ಆಡುವ ಐಸ್ ಅರೀನಾದ ಪಕ್ಕದ ಒಂದು ಸಭೆಯ ಹಾಲ್, ಅದರೊಳಗೆ ಮೇಜಿನ ಹಿಂದೆ ಕೂತ ಒಂದಿಷ್ಟು ಮಂದಿ ಕೌನ್ಸಿಲರುಗಳು. ದನದ ರೈತರು, ಮನೆ ಮಾರುವವರು, ನಿವೃತ್ತ ಮಾಸ್ತರರು. ನಾಯಿಗೆ ಲೈಸನ್ಸು, ಬೇಲಿ ತಕರಾರು, ಜಲ್ಲಿಕಲ್ಲಿನ ಟ್ರಕ್ಕುಗಳ ಧೂಳು, ಕೊಯೋಟಿ ಅನ್ನುವ ತೋಳ ಕುರಿ ಹಿಡಿದರೆ ಪರಿಹಾರ, ಯಾವ ರಸ್ತೆಯ ಹಿಮ ಮೊದಲು ಬಳಿದು ತೆಗೆಯಬೇಕು, ಎಲ್ಲ ಅಲ್ಲೇ ತೀರ್ಮಾನ. ಬೆಂಕಿ ಬಿದ್ದರೂ ಅವರೇ, ಹೊಲದಲ್ಲಿ ಟ್ರ್ಯಾಕ್ಟರು ಬಿಟ್ಟು ಓಡಿಬಂದು ಫೈರ್ ಟ್ರಕ್ಕು ಹತ್ತುವವರು. ನಮ್ಮ ಕಡೆಯ ಕೌನ್ಸಿಲರು ಡೋರೀನ್ ಅಂತ. ಎರಡು ಹೊಲದಾಚೆ ಅವಳ ದನದ ಕೊಟ್ಟಿಗೆ. ರಬ್ಬರಿನ ಬೂಟು ಹಾಕಿಕೊಂಡು, ಅಡಿಗೆಮನೆಯ ಬಾಗಿಲಿಗೇ ಬಂದು, 'ಗಂಗಾ!' ಅಂತ ನಮ್ಮವ್ವನನ್ನು ಒದರಿ ಕರೆಯುತ್ತಿದ್ದಳು. ಅವ್ವ ಅವಳಿಗೆ ಶೇಂಗಾ ಹೋಳಿಗೆ ಕೊಟ್ಟರೆ ನಿಂತಲ್ಲೇ ತಿಂದು ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು. ಅವ್ವನಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಇಬ್ಬರೂ ತಾಸುಗಟ್ಟಲೆ ಏನು ಮಾತಾಡುತ್ತಿದ್ದರೋ ದೇವರೇ ಬಲ್ಲ.

ಅಪ್ಪನ ಅವ್ವ, ನಾವು ಆಯಿ ಅನ್ನುತ್ತಿದ್ದೆವು, ಬಂದದ್ದು ಆ ಮನೆ ಹಿಡಿದ ಎರಡನೆಯ ಬೇಸಿಗೆಗೆ. ಬರುವಾಗ ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ತನ್ನ ರೊಟ್ಟಿ ಬಡಿಯುವ ಮರದ ಕೊಣಮಿಗಿ ಎಲ್ಲ ಹೊತ್ತು ತಂದಳು. ಅತ್ತೆ ಸೊಸೆ ಹಾವು ಮುಂಗುಸಿ ಅನ್ನುವ ಮಾತು ನಮ್ಮ ಮನೆಗೆ ಹೊಂದುತ್ತಿರಲಿಲ್ಲ. ಆಯಿ ರೊಟ್ಟಿ ಬಡಿದರೆ ಅವ್ವ ಬೇಯಿಸುವಳು. ಅವ್ವ ಕೆಮ್ಮಿದರೆ ಆಯಿ ಎದ್ದು ಬೆನ್ನು ತಿಕ್ಕುವಳು. ಆ ಬೇಸಿಗೆ ಕಳೆಯುತ್ತ ಬಂದಂತೆ ಅವ್ವನ ದಮ್ಮು ವಿಪರೀತ ಹೆಚ್ಚಾಯಿತು. ಔಷಧ ಎಳೆಯುವ ಪಂಪು ಬಾಯಲ್ಲಿಟ್ಟುಕೊಂಡೇ ಒಲೆ ಮುಂದೆ ನಿಲ್ಲುವಳು. ದಿಂಬುಗಳನ್ನು ಪೇರಿಸಿಕೊಂಡು ಕೂತೇ ನಿದ್ದೆ ಮಾಡುವಳು. ಆಯಿ ಮನೆಯ ಸುತ್ತ ಒಂದು ಸಲ ತಿರುಗಿ ಬಂದಳು. ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು.

"ಈರಣ್ಣಾ, ಆ ಗೇಟು ಮೊದಲ ಬಂದ್ ಮಾಡು. ಯಮನ ದಿಕ್ಕಿನ ಬಾಗಲದಾಗ ಹೆಣ್ಮಗಳು ಹಗಲೆಲ್ಲಾ ಓಡ್ಯಾಡಿದ್ರ ಉಸರು ಎಲ್ಲಿ ನಿಲ್ಲತೈತಿ?" ಅಂದಳು ಆಯಿ.

"ಅತ್ತಿ, ಕೊರಳಾಗ ಲಿಂಗಾ ಕಟಗೊಂಡವ್ರಿಗೆ ಯಾವ ದಿಕ್ಕಾದ್ರ ಏನ್ರಿ? ನಮ್ಮಪ್ಪಾರ ಮನಿ ಬಾಗಲಾನೂ ದಕ್ಷಿಣಕ್ಕ ಇತ್ತು," ಅಂದಳು ಅವ್ವ.

"ಅದಕ್ಕ ದಮ್ಮು ತವರಮನ್ಯಾಗಿಂದನ ಕಟಗೊಂಡು ಬಂದೀ."

ಅವ್ವನಿಗೆ ನಗು ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ಮತ್ತೆ ನಗು. ಆಯಿ ಮಾತ್ರ ನಗಲಿಲ್ಲ. ಎರಡು ದಿನ ಅದೇ ಹಟ ಹಿಡಿದು, ಊಟ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ನಡುವೆ ಸಿಕ್ಕು ಒದ್ದಾಡಿದ. ಅವನಿಗೆ ದಿಕ್ಕಿನ ಮೇಲೆ ನಂಬಿಕೆ ಇತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಯ ಉಸಿರಿನ ಸಪ್ಪಳ ಕೇಳಿ ಕೇಳಿ ಅವನು ಸೋತುಹೋಗಿದ್ದ.

"ಹೋಗ್ಲಿ ಬಿಡು ಗಂಗಾ, ಒಂದು ಗೇಟು ಮುಚ್ಚಿದ್ರ ನಮ್ಮ ಗಂಟೇನು ಹೋಗತೈತಿ? ಮಾಡಿ ನೋಡೂಣು," ಅಂದ ಅಪ್ಪ.

ಅಪ್ಪ ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವನಲ್ಲ. ದಕ್ಷಿಣದ ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದ. ಅದರ ಒಳಗೆ ಅಡ್ಡಡ್ಡ ಸೀಡರ್ ಗಿಡ ನೆಟ್ಟ. ಲೈನಿನ ಕಡೆ ಬೇಲಿ ಒಡೆದು, ಜಲ್ಲಿ ಸುರಿದು, ಅಡಿಗೆಮನೆಯ ಬಾಗಿಲಿಗೆ ಬರುವ ಹೊಸ ದಾರಿ ಮಾಡಿದ. ಕೊನೆಗೆ ಸೈಡ್‌ರೋಡಿನ ಅಂಚಿನಲ್ಲಿ ಕಂಬಕ್ಕೆ ಹೊಡೆದಿದ್ದ ಮನೆಯ ನಂಬರಿನ ಹಸಿರು ಹಲಗೆಯನ್ನು ಕಂಬದ ಸಮೇತ ಕಿತ್ತು ತಂದು ಲೈನಿನ ಹೊಸ ಗೇಟಿನ ಪಕ್ಕ ಹುಗಿದ. ಆಯಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ನಮ್ಮ ಕಡೆಯವರು ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಹುಬ್ಬಳ್ಳಿಯಲ್ಲಿ ನಂಬರು ಮನೆಯದು. ಬಾಗಿಲು ಎತ್ತ ಹೋದರೆ ನಂಬರೂ ಅತ್ತ. ಆ ಊರಲ್ಲಿ ನಂಬರು ಮನೆಯದಲ್ಲ, ರಸ್ತೆಯದು. ರಸ್ತೆಯ ಶುರುವಿನಿಂದ ಅಳೆಯುತ್ತ ಬಂದು, ಗೇಟು ಎಷ್ಟು ದೂರಕ್ಕೆ ಸಿಗುತ್ತದೋ ಅದರ ಪ್ರಕಾರ ಒಂದು ನಂಬರು. ಆಂಬುಲೆನ್ಸಿನವರೂ ಬೆಂಕಿ ಆರಿಸುವವರೂ ಅದನ್ನೇ ಹಿಡಕೊಂಡು ಬರುತ್ತಾರೆ. ನಮ್ಮ ಹಲಗೆ ಲೈನಿನ ಮೇಲೆ ನಿಂತಾಗ ಅದಕ್ಕೆ ಯಾವ ಅರ್ಥವೂ ಉಳಿಯಲಿಲ್ಲ.

ಡೋರೀನ್ ನೋಡಿದಳು. ಹಾದು ಹೋಗುವವಳು ಗಾಡಿ ನಿಲ್ಲಿಸಿ ಇಳಿದು ಬಂದು ಅಪ್ಪನಿಗೆ ಹೇಳಿದಳು: ಗೇಟು ಬದಲು ಮಾಡಿದರೆ ಟೌನ್‌ಶಿಪ್ಪಿಗೆ ತಿಳಿಸಬೇಕು, ಈ ರಸ್ತೆಯ ಬೇರೆ ನಂಬರು ಕೊಡುತ್ತಾರೆ, ಹಳೆಯದನ್ನು ಹೀಗೆ ತಂದು ಇಲ್ಲಿ ನಿಲ್ಲಿಸಬಾರದು. ಮೆತ್ತಗೇ ಹೇಳಿದಳು, ನಾನು ಅಲ್ಲೇ ನಿಂತಿದ್ದೆ. ಅಪ್ಪ 'ಯೆಸ್, ಯೆಸ್, ಥ್ಯಾಂಕ್ಯೂ' ಅಂದ. ಅವಳ ಗಾಡಿ ಮರೆಯಾದ ಮೇಲೆ ಒಳಗೆ ಬಂದು ಬೂಟು ಬಿಚ್ಚಿ ಒಗೆದ.

"ನಮ್ಮ ಮನಿ, ನಮ್ಮ ಜಾಗಾ. ಬಾಗಲಾ ಎಲ್ಲಿ ಇಡಬೇಕಂತ ಊರ ಮಂದೀನ್ನ ಕೇಳಬೇಕೇನು? ಅಲ್ಲೂ ಇಂಥವ್ರ, ಇಲ್ಲೂ ಇಂಥವ್ರ."

"ಅಕಿ ನಮ್ಮ ಒಳ್ಳೇದಕ್ಕ ಹೇಳಿರಬೇಕ್ರೀ. ಒಂದ್ಸಲ ಹೋಗಿ ಕೇಳಿ ಬರ್ರಿ," ಅಂದಳು ಅವ್ವ.

"ಹೋಗೂಣು, ಹೋಗೂಣು."

ಹೋಗಲಿಲ್ಲ. ಶಿಫ್ಟು, ಓವರ್‌ಟೈಮು, ಹಿಮದ ಟೈರು, ಒಂದಲ್ಲ ಒಂದು. ಮತ್ತೊಂದು ಮಾತೂ ಇತ್ತು. ಗೇಟು ಮುಚ್ಚಿ ಕೆಲವೇ ದಿನಗಳಲ್ಲಿ ಅವ್ವನ ದಮ್ಮು ಇಳಿಯಿತು. ಎಂಥ ಚೊಲೊ ಇಳಿಯಿತು ಅಂತೀರಿ! ಮಲಗಿ ನಿದ್ದೆ ಮಾಡಿದಳು. ಹಾಡು ಗುನುಗುತ್ತ ಹಿತ್ತಲಲ್ಲಿ ಉಳಿದ ಮೆಂತ್ಯೆ ಕಿತ್ತಳು. ಆಯಿ ಮನೆ ತುಂಬ ಗೆದ್ದ ಪೈಲ್ವಾನನ ಹಾಗೆ ಓಡಾಡಿದಳು. ಈಗ ನನಗೆ ಗೊತ್ತು: ಆ ಹೊಲಗಳ ಬದುವಿನಲ್ಲಿ ರ‍್ಯಾಗ್‌ವೀಡ್ ಅನ್ನುವ ಕಳೆ ಬೇಸಿಗೆ ಕೊನೆಗೆ ಹೂ ಬಿಟ್ಟು ದಮ್ಮು ಕೆರಳಿಸುವ ಪರಾಗದ ಧೂಳು ಹಾರಿಸುತ್ತದೆ, ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನ ಸಾಯುತ್ತದೆ. ದಮ್ಮು ಇಳಿದದ್ದು ಅದಕ್ಕೆ. ಇನ್ನೊಂದು ಹೇಳುತ್ತೇನೆ, ಕೇಳಿ ಹೊಟ್ಟೆ ಉರಿಯಲಿ. ಹೋದ ವರ್ಷ ಆ ಕಡೆ ಹೋದಾಗ ಫೋನಿನ ಕಂಪಾಸು ಹಿಡಿದು ನೋಡಿದೆ. ಆ ಸೀಮೆಯ ರಸ್ತೆಗಳೆಲ್ಲ ದಿಕ್ಕಿಗೆ ಓರೆಯಾಗಿ ಬಿದ್ದಿವೆ. ನಾವು ಬೀಗ ಜಡಿದ ದಕ್ಷಿಣ ದಕ್ಷಿಣವೇ ಆಗಿರಲಿಲ್ಲ.

ಚಳಿಗಾಲದ ನಟ್ಟನಡುವೆ, ಹಿಮಗಾಳಿಗೆ ಸ್ಕೂಲ್ ಬಸ್ಸು ಬರುವುದಿಲ್ಲ ಅಂತ ರೇಡಿಯೋದಲ್ಲಿ ಹೇಳಿದ ಒಂದು ಬೆಳಿಗ್ಗೆ. ಅಪ್ಪ ಕತ್ತಲಿರುವಾಗಲೇ ಕೆಲಸಕ್ಕೆ ಹೋಗಿದ್ದ. ಕಟ್ಟಿಗೆ ಒಲೆಗೆ ಹಸಿ ಕಟ್ಟಿಗೆ ಬಿತ್ತೋ, ಗಾಳಿ ಚಿಮಣಿಯಿಂದ ತಿರುಗಿ ಬಂತೋ, ಅಡಿಗೆಮನೆ ತುಂಬ ಹೊಗೆ. ಅವ್ವ ಕಿಟಕಿ ತೆಗೆಯಲಿಕ್ಕೆ ಹೋದವಳು ಕಟ್ಟೆ ಹಿಡಕೊಂಡು ಬಗ್ಗಿದಳು. ಪಂಪು ಎಳೆದಳು, ಮತ್ತೆ ಎಳೆದಳು, ಏನೂ ಹತ್ತಲಿಲ್ಲ. ಅವಳ ತುಟಿ ನೇರಳೆಯಾಯಿತು. ಆಯಿ ಅವಳನ್ನು ನೆಲಕ್ಕೆ ಕೂಡಿಸಿ ಎದೆಗೊರಗಿಸಿಕೊಂಡಳು. ನಾನು ಫೋನು ಹಚ್ಚಿದೆ. ಇಂಗ್ಲಿಷು ನನಗಷ್ಟೇ ಬರುತ್ತಿತ್ತು. ಶಾಲೆಯಲ್ಲಿ ಕಲಿಸಿದ ಹಾಗೆ ನಂಬರು ಹೇಳಿದೆ, ಸೈಡ್‌ರೋಡ್ ಹೇಳಿದೆ. ಗೇಟಿನ ಹತ್ತಿರ ಹಸಿರು ಹಲಗೆ ಇದೆಯೇನಮ್ಮ ಅಂತ ಆಚೆಯ ಹೆಂಗಸು ಕೇಳಿದಳು. ಇದೆ ಅಂದೆ. ಇತ್ತಲ್ಲ! ದೊಡ್ಡವರು ಯಾರಾದರೂ ರಸ್ತೆಗೆ ಹೋಗಿ ನಿಲ್ಲಲಿ ಅಂದಳು. ಅವ್ವನ ತಲೆಯನ್ನು ನನ್ನ ತೊಡೆಗೆ ಕೊಟ್ಟು, ಆಯಿ ಅಪ್ಪನ ಹಳೆ ಬೂಟು ಮೆಟ್ಟಿ, ಕೈಯಲ್ಲಿ ಒಂದು ಟವಲ್ಲು ಹಿಡಕೊಂಡು ಲೈನಿನ ಗೇಟಿಗೆ ಓಡಿದಳು.

ಬಯಲು ಸೀಮೆ, ಸಪ್ಪಳ ದೂರದಿಂದ ಬರುತ್ತದೆ. ಸೈರನ್ನು ಕೇಳಿಸಿತು. ಬಂದ್ರು ಅವ್ವ, ಬಂದ್ರು, ಅಂದೆ. ಅವ್ವ ಕಣ್ಣು ತೆಗೆದು ನನ್ನನ್ನು ನೋಡಿದಳು. ಸೈರನ್ನು ಹತ್ತಿರ ಬಂತು, ಸ್ಪ್ರೂಸ್ ಗಿಡಗಳ ಹಿಂದೆ ಸೈಡ್‌ರೋಡಿನ ಮೇಲೆ ಹಾದು, ದೂರ ಹೋಯಿತು. ತಿರುಗಿ ಬಂತು. ಮತ್ತೆ ಹಾದುಹೋಯಿತು. ಹಲಗೆ ಇಲ್ಲ, ಹಿಮ ಬಳಿಯುವ ಗಾಡಿ ಮುಚ್ಚಿದ ಗೇಟಿಗೆ ಎದೆಯೆತ್ತರ ಹಿಮ ಒಟ್ಟಿತ್ತು, ಮೇಲೆ ಗಾಳಿಗೆ ಎದ್ದ ಹಿಮದ ಧೂಳು. ಅಲ್ಲಿ ಮನೆ ಇದೆ ಅಂತ ಅವರಿಗೆ ಹೇಗೆ ತಿಳಿಯಬೇಕು? ಲೈನಿನ ಗೇಟಿನಲ್ಲಿ ಟವಲ್ಲು ಬೀಸುತ್ತ ನಿಂತಿದ್ದ ಆಯಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅವ್ವನ ತಲೆಗೆ ದಿಂಬು ಕೊಟ್ಟು ಎದ್ದು ಕಿಟಕಿಯಿಂದ ನೋಡಿದೆ. ಸೀರೆ ಮೊಳಕಾಲಿನ ಮೇಲೆ ಎತ್ತಿ ಕಟ್ಟಿ, ತೊಡೆಮಟ್ಟದ ಹಿಮದಲ್ಲಿ ಬೀಳುತ್ತ ಏಳುತ್ತ ದಕ್ಷಿಣದ ಗೇಟಿನ ಕಡೆ ಹೋಗುತ್ತಿದ್ದಳು. ಸೀಡರ್ ಗಿಡ ಮುರಿದು ನುಗ್ಗಿ, ಗೇಟಿನ ಮೇಲೆ ಹತ್ತಿ ನಿಂತು ಕನ್ನಡದಲ್ಲಿ ಒದರಿದಳು. ಅವರು ನಿಂತರು. ಬೆಂಕಿ ಆರಿಸುವವರೂ ಬಂದು ಸರಪಳಿ ಕತ್ತರಿಸಿದರು. ಅವ್ವನನ್ನು ಆ ಗೇಟಿನಿಂದಲೇ ಹೊರಗೆ ಒಯ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು.

ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲೇ ಕೂಡಿಸಿ ಮಣ್ಣು ಮಾಡುತ್ತಾರೆ. ಅಲ್ಲಿಯ ಸ್ಮಶಾನದವರು ಹಾಗೆ ಮಾಡಲಿಕ್ಕೆ ಬರುವುದಿಲ್ಲ ಅಂದರು. ಪೆಟ್ಟಿಗೆಯಲ್ಲಿ ಮಲಗಿಸಿದೆವು. ಮಿಸಿಸಾಗದಿಂದ ಬಂದ ನಮ್ಮ ಮಂದಿ ಅಡಿಗೆಮನೆ ತುಂಬ ನಿಂತಿದ್ದಾಗ, ಅಪ್ಪ ಆಯಿಗೆ ಎಲ್ಲರ ಮುಂದೆ ಅಂದ:

"ಸಮಾಧಾನಾತಿಲ್ಲೋ ಈಗ? ನಿನ್ನ ದಿಕ್ಕಿಗೆ ನನ್ನ ಹೇಣ್ತೀನ್ನ ಕೊಟ್ಟೆ."

ಆ ದಿನದಿಂದ ತಾಯಿ ಮಗನಿಗೆ ಮಾತಿಲ್ಲ. ಅವಳು ರೊಟ್ಟಿ ಮಾಡಿ ಮುಚ್ಚಿಟ್ಟು ತನ್ನ ಕೋಣೆಗೆ ಹೋಗುವಳು, ಅವನು ಬಂದು ತಣ್ಣಗಾದದ್ದನ್ನು ತಿನ್ನುವನು. ಏನಾದರೂ ಹೇಳುವುದಿದ್ದರೆ ನನ್ನ ಕೈಲಿ. 'ನಿಮ್ಮಪ್ಪಗ ಹೇಳು, ಎಣ್ಣಿ ತೀರೇತಿ.' 'ನಿಮ್ಮ ಆಯಿಗೆ ಹೇಳು, ನಾಳೆ ತರತೀನಿ.' ಆದರೆ ಹುಬ್ಬಳ್ಳಿಯ ಫೋನು ಬಂದಾಗ, ಜೊತೆಗೆ ಕೆಲಸ ಮಾಡುವವರು ನೋಡಲಿಕ್ಕೆ ಬಂದಾಗ, ಅಪ್ಪನ ರಾಗ ಬೇರೆ. ಆಂಬುಲೆನ್ಸಿನವರು ದಂಡಪಿಂಡಗಳು, ಟೌನ್‌ಶಿಪ್ಪಿನವರಿಗೆ ಹಿಮ ತೆಗೆಯಲಿಕ್ಕೂ ಬರುವುದಿಲ್ಲ, ಇಷ್ಟು ದೊಡ್ಡ ದೇಶ, ಒಂದು ಮನೆ ಹುಡುಕಲಿಕ್ಕೆ ಆಗಲಿಲ್ಲ. ಹಲಗೆಯ ಮಾತು ಬಾಯಿಂದ ಬರುತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಅಪ್ಪನ ಮೇಲೆ ನನಗೆ ಹೇಸಿಕೆ ಹುಟ್ಟಿತು. ಅವ್ವ ಹೋದ ದುಃಖಕ್ಕಿಂತ ಅದೇ ಒಂದೊಂದು ದಿನ ಹೆಚ್ಚು ಸುಡುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಡೋರೀನ್ ಬಂದಳು. ಅವ್ವ ಸತ್ತದ್ದರ ಬಗ್ಗೆ ಕೌನ್ಸಿಲು ಮಾತಾಡಲಿದೆ, ನೀನು ಬರಬೇಕು, ಅಂತ ಅಪ್ಪನಿಗೆ ಹೇಳಿದಳು. ಅಪ್ಪ ಅವ್ವನ ಮಣ್ಣಿಗೆ ಹಾಕಿದ್ದ ಕೋಟೇ ಹಾಕಿಕೊಂಡ. ಇಂಗ್ಲಿಷಿನಲ್ಲಿ ಎಲ್ಲಾದರೂ ಸಿಕ್ಕಿಬಿದ್ದರೆ ಅಂತ ನನ್ನನ್ನೂ ಕರಕೊಂಡ. ಸಭೆಯ ಹಾಲ್‌ನಲ್ಲಿ ಕಾಫಿಯ ವಾಸನೆ, ಒದ್ದೆ ಬೂಟಿನ ವಾಸನೆ. ಮೊದಲು ಜಲ್ಲಿ ಟ್ರಕ್ಕಿನ ಮಾತು, ಆಮೇಲೆ ಯಾರದೋ ಹೊಲದ ಕಾಲುವೆ, ಆಮೇಲೆ ನಮ್ಮವ್ವ. ಸರಪಳಿ ಕತ್ತರಿಸಿದವನು ಎದ್ದು, ಗೇಟಿನ ಹತ್ತಿರ ನಂಬರಿನ ಹಲಗೆ ಇರಲಿಲ್ಲ ಅಂತ ಹೇಳಿದ. ಒಬ್ಬ ಕೌನ್ಸಿಲರು, ಹಿಮ ಬಳಿಯುವ ಗಾಡಿ ತಾಗಿಸಿ ಬೀಳಿಸಿರಬೇಕು, ಹಿಂದೆಯೂ ಹೀಗಾಗಿದೆ, ಅಂದ. ಎಲ್ಲರೂ ತಿರುಗಿ ಹಿಂದಿನ ಸಾಲು ನೋಡಿದರು. ಆ ಗಾಡಿ ಹೊಡೆಯುವವನು ಅಲ್ಲೇ ಕೂತಿದ್ದ. ಅಪ್ಪನಷ್ಟೇ ವಯಸ್ಸಿನವನು, ಟೊಪ್ಪಿಗೆಯನ್ನು ಮೊಳಕಾಲಿನ ಮೇಲಿಟ್ಟುಕೊಂಡಿದ್ದ. ನಾನು ತಾಗಿಸಿಲ್ಲ ಅಂತ ನನಗನಿಸುತ್ತದೆ, ಆದರೆ ಆ ಗಾಳಿಯಲ್ಲಿ ಖಾತ್ರಿಯಾಗಿ ಹೇಗೆ ಹೇಳಲಿ, ಅಂದ. ಅವನ ಮುಖ ಕೆಂಪಾಗಿತ್ತು. ಒಬ್ಬಳ ಜೀವ ತೆಗೆದೆನೇನೋ ಅಂತ ಆ ಮನುಷ್ಯ ಎಷ್ಟು ದಿನದಿಂದ ನಂಬಿಕೊಂಡಿದ್ದನೋ. ಡೋರೀನಿಗೆ ಎಲ್ಲ ಗೊತ್ತಿತ್ತು. ಅವಳು ಅಪ್ಪನನ್ನೇ ನೋಡುತ್ತ ಕೂತಳು. ಅಪ್ಪ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳು ಅಪ್ಪ, ಏಳು, ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ನೀನು ಏಳದಿದ್ದರೆ ಇನ್ನು ಮೇಲೆ ನನಗೆ ಅಪ್ಪ ಇಲ್ಲ.

ಅಪ್ಪ ಎದ್ದ. ಮುಂದಿನ ಕುರ್ಚಿಯ ಬೆನ್ನು ಹಿಡಕೊಂಡ.

"ನಾಟ್ ಹಿಮ್," ಅಂದ. "ಐ ರಿಮೂವ್ಡ್. ಮೈ ಹ್ಯಾಂಡ್."

ಡೋರೀನ್ ಮೆಲ್ಲಗೆ, ಹಾಗೆ ಮಾಡು ಅಂತ ನಿನಗೆ ಯಾರಾದರೂ ಹೇಳಿದ್ದರೇ, ಅಂತ ಕೇಳಿದಳು.

"ನೋಬಡಿ. ಯೂ ಟೋಲ್ಡ್ ಮಿ ನೋ. ಐ ಡಿಡ್ ನಾಟ್ ಲಿಸನ್. ಓನ್ಲಿ ಮಿ."

ಹಿಂದಿನ ಸಾಲಿನವನು ಟೊಪ್ಪಿಗೆಯಲ್ಲಿ ಮುಖ ಹುದುಗಿಸಿಕೊಂಡ. ಅಳುತ್ತಿದ್ದ. ಒಬ್ಬ ಹೆಂಗಸು ಅಪ್ಪನ ಮಾತನ್ನು ಬರಕೊಂಡಳು. ಅಪ್ಪ ಕೂತ. ನಾನು ಅವನ ಕೈ ಹಿಡಕೊಂಡೆ.

ಆಯಿ ಎಂದಿನಂತೆ ರೊಟ್ಟಿ ಮುಚ್ಚಿಟ್ಟಿದ್ದಳು. ಅಪ್ಪ ಕೋಟು ಸಹ ಬಿಚ್ಚದೆ ತಾಟು ಎಳೆದುಕೊಂಡು ಕೂತ. ಆಯಿ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು.

"ಶೈಲೂ, ನಿಮ್ಮಪ್ಪ ಅಲ್ಲೆ ಏನಂದಾ?"

"ಹಲಗಿ ತಾನ ಕಿತ್ತೆ ಅಂದಾ. ಯಾರೂ ಹೇಳಿರಲಿಲ್ಲ ಅಂದಾ. ತಪ್ಪು ತನ್ನೊಬ್ಬಂದ ಅಂದಾ."

ಆಯಿ ಬಾಗಿಲ ಚೌಕಟ್ಟು ಹಿಡಕೊಂಡಳು. ಆಮೇಲೆ ನನ್ನನ್ನು ದಾಟಿ ಬಂದು ಅಪ್ಪನ ಎದುರಿಗೇ ನಿಂತಳು. ಅವ್ವನ ಮಣ್ಣಿನ ದಿನದ ಮೇಲೆ ಅವನಿಗೆ ಅವಳು ಆಡಿದ ಮೊದಲ ಮಾತು ಅದು.

"ಯಾರೂ ಹೇಳಿರಲಿಲ್ಲ ಅಂತ ಯಾಕ ಸುಳ್ಳು ಹೇಳಿದ್ಯೋ ಈರಣ್ಣಾ? ನಾ ಹೇಳಿದ್ದೆ. ಉಣ್ಣೂದು ಬಿಟ್ಟು ಕುಂತು ಹೇಳಿದ್ದೆ. ನಾಳೆ ನನ್ನ ಕರಕೊಂಡು ಹೋಗು, ನಾನೂ ಹೇಳ್ತೀನಿ."

"ಮುಗೀತು ಬಿಡಬೇ. ಅವ್ರು ಬರಕೊಂಡ್ರು."

"ಹಂಗಾದ್ರ ಅರ್ಧಾನ ಬರಕೊಂಡಾರ."

ಅಪ್ಪ ಕಚ್ಚಿದ್ದ ತುತ್ತನ್ನು ತಾಟಿಗೆ ಹಾಕಿದ. ತಾಟು ಸರಿಸಿ ಎದ್ದು, ಪಾತ್ರೆ ತೊಳೆಯುವ ಮೋರಿಯ ಕಡೆ ಮುಖ ಮಾಡಿ ನಿಂತು, ಬಿಕ್ಕಿ ಬಿಕ್ಕಿ ಅತ್ತ. ಆಯಿ ಅವನನ್ನು ಮುಟ್ಟಲಿಲ್ಲ, ಸಮಾಧಾನ ಮಾಡಲಿಲ್ಲ. ಅವನ ಕುರ್ಚಿಯಲ್ಲಿ ಕೂತು, ಅವನು ಬಿಟ್ಟ ತಾಟನ್ನು ತನ್ನ ಮುಂದೆ ಎಳೆದುಕೊಂಡು, ಮಗನ ಎಂಜಲು ರೊಟ್ಟಿಯನ್ನು ಮುರಿದು ಮುರಿದು ತಿಂದಳು.